ಅಪ್ಪನಿಗೆ ರಾತ್ರಿ ನಿದ್ದೆಯಿಲ್ಲ, ಕಾಲಲ್ಲಿ ಕಸುವಿಲ್ಲ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ತಿಪಟೂರು ಕಡೆಯವನು
ಅಪ್ಪನಿಗೆ 74. ತೆಂಗಿನ ತೋಟದಲ್ಲೇ ಬದುಕು ತೆಗೆದವರು. ಒಂದು ವರ್ಷದಿಂದ ರಾತ್ರಿ ಒಂಬತ್ತಕ್ಕೆ ಮಲಗಿ ಹನ್ನೊಂದಕ್ಕೆ, ಒಂದಕ್ಕೆ, ಮೂರಕ್ಕೆ ಏಳ್ತಾರೆ. ಆಮೇಲೆ ಜಗಲಿ ಮೇಲೆ ಕೂತು ಬೆಳಗು ಮಾಡ್ತಾರೆ. ಮಧ್ಯಾಹ್ನ ಉಂಡ ಮೇಲೆ ಎರಡು ಗಂಟೆ ಗೊರಕೆ. ಮೊನ್ನೆ ಒಂದು ಮದುವೆಯಲ್ಲಿ ಪಂಕ್ತಿಗೆ ನೆಲದ ಮೇಲೆ ಕೂತವರು ಏಳಲಾಗದೆ ಪಕ್ಕದವರ ಹೆಗಲು ಹಿಡಿದರು. ಕೇಳಿದರೆ "ವಯಸ್ಸಾಯ್ತಲ್ಲಪ್ಪಾ" ಅಂತಾರೆ. ಮೆಡಿಕಲ್ ಸ್ಟೋರಿನವರು ನಿದ್ದೆ ಮಾತ್ರೆ ಕೊಡ್ತೀನಿ ಅಂದರು, ಅಮ್ಮ ಬೇಡ ಅಂದರು. ಮೊದಲು ಶಕ್ತಿಗೆ ಟಾನಿಕ್ಕೋ, ನಿದ್ದೆಗೆ ಮದ್ದೋ? ಅನುಭವ ಇದ್ದವರು ಹೇಳಿ.

ಮೈಸೂರಿನ ಸೊಸೆ
ನಿಮ್ಮ ಅಮ್ಮ ಮಾಡಿದ್ದೇ ಸರಿ. ನಮ್ಮ ಮಾವನವರು ಆಲ್ಪ್ರಜೋಲಾಮ್ ಅನ್ನೋ ನಿದ್ದೆ ಮಾತ್ರೆ ತಗೊಳ್ತಿದ್ದರು. ನಿದ್ದೆ ಬಂತು, ನಿಜ. ಆದರೆ ಬಚ್ಚಲಿಗೆ ಅಂತ ಎದ್ದಾಗ ಆ ಅಮಲು ಇಳಿದಿರಲಿಲ್ಲ. ಹೊಸಿಲು ಎಡವಿ ಬಿದ್ದರು, ಸೊಂಟದ ಹತ್ತಿರ ಮೂಳೆ ಮುರಿಯಿತು, ಆಪರೇಷನ್, ಆರು ತಿಂಗಳು ವಾಕರ್. 65 ದಾಟಿದವರಿಗೆ ಈ ಜಾತಿಯ ಮಾತ್ರೆ ಆದಷ್ಟೂ ಬೇಡ ಅಂತ ಅಮೆರಿಕದ ವೃದ್ಧವೈದ್ಯರ ಸಂಘದ ಪಟ್ಟಿಯಲ್ಲೇ ಇದೆಯಂತೆ. ನಮಗೆ ಗೊತ್ತಾಗಿದ್ದು ಬಿದ್ದ ಮೇಲೆ. ಈಗಾಗಲೇ ದಿನಾ ತಗೊಳ್ತಿರೋರು ಇದನ್ನ ಓದಿ ಇವತ್ತೇ ನಿಲ್ಲಿಸಬೇಡಿ, ಅದೂ ಅಪಾಯ. ನಮ್ಮ ಡಾಕ್ಟರು ಸ್ವಲ್ಪ ಸ್ವಲ್ಪ ಇಳಿಸುತ್ತಾ ಎರಡು ತಿಂಗಳಲ್ಲಿ ಬಿಡಿಸಿದರು.

ಧಾರವಾಡದ ಅಜ್ಜ
ನಿಮ್ಮ ಅಪ್ಪಾರ ಕಥಿ ಓದಿ ನಗು ಬಂತ್ರೀ, ನಂದೂ ಅದ ಹಾಡು. ವಯಸ್ಸು 71, ಮೂವತ್ತು ವರ್ಷ ಕರೆಂಟ್ ಕಂಬ ಹತ್ತಿ ಇಳದಾಂವ. ಹೋದ ವರ್ಷ ನಾಕ ಮೆಟ್ಟಲ ಹತ್ತೂದ್ರಾಗ ತೊಡಿ ನಡಗಾಕತ್ತಿದ್ವು. ರಾತ್ರಿ ನಾಕ ಸಲ ಒಂದಕ್ಕ ಏಳತಿದ್ದೆ. ಎಲ್ಲಾರೂ ಪ್ರಾಸ್ಟೇಟ್, ಅಂದ್ರ ಗಂಡಸರ ಮೂತ್ರಚೀಲದ ಕೆಳಗಿನ ಗ್ರಂಥಿ, ಅದರ ಕಾಟ ಅಂದ್ರು, ನಾನೂ ಹೂಂ ಅಂದೆ. ಡಾಕ್ಟರ್ರು ಮಾತ್ರ, "ಒಂದು ಅಳತಿ ಜಗ್ಗು ತಗೊಂಡು ಮೂರು ದಿನ, ಎಷ್ಟೊತ್ತಿಗೆ ಎಷ್ಟು ಹೋಗ್ತದ ಬರೀರಿ" ಅಂದ್ರು. ಆ ಜಗ್ಗು ಅಡಗಿಮನಿ ಕಡೆ ತರಂಗಿಲ್ಲ ಅಂತ ನಮ್ಮಾಕಿ ನನ್ನ ಕಡೆಯಿಂದ ಆಣಿ ಮಾಡಿಸ್ಕೊಂಡ್ಳು. ಲೆಕ್ಕ ನೋಡಿದ್ರ ಇಡೀ ದಿನದ್ದರಾಗ ಅರ್ಧ ರಾತ್ರಿನ! ಮೂರನೇ ಒಂದು ಪಾಲಿಗಿಂತ ಹೆಚ್ಚು ರಾತ್ರಿ ಹೋದ್ರ ತಪ್ಪೆಲ್ಲಾ ಪ್ರಾಸ್ಟೇಟ್ ಮ್ಯಾಲ ಹಾಕಬಾರದಂತ. ನನ್ನ ಬಿ.ಪಿ. ಗುಳಿಗಿ ಆಮ್ಲೊಡಿಪಿನ್. ಅದರಿಂದ ಸಂಜಿಗೆ ಪಾದ ಬಾಯತಿದ್ವು. ಮಲಗಿದ ಕೂಡ್ಲೆ ಆ ನೀರು ರಕ್ತಕ್ಕ ವಾಪಸ್ ಬಂದು ಕಿಡ್ನಿಗೆ ರಾತ್ರಿ ಪಾಳಿ ಡ್ಯೂಟಿ. ಡಾಕ್ಟರ್ರು ಗುಳಿಗಿ ಬದಲ ಮಾಡಿದ್ರು, ಸಂಜಿಗೆ ಒಂದ ತಾಸು ಕಾಲು ದಿಂಬಿನ ಮ್ಯಾಲ ಇಡ್ರಿ ಅಂದ್ರು. ನಾಕು ಹೋಗಿ ಒಂದಾಗೇದ, ಒಮ್ಮೊಮ್ಮೆ ಎರಡು. ಮೆಟ್ಟಲ ಹತ್ತೂವಾಗ ಈಗ ತೊಡಿ ಹಂಗ ನಡಗೂದಿಲ್ಲ. ಟಾನಿಕ್ ಗೀನಿಕ್ ಏನೂ ಕುಡದಿಲ್ಲ.

ಫಿಸಿಯೋ, ಉಡುಪಿ
ಅಜ್ಜನವರ ಜಗ್ಗಿನ ಲೆಕ್ಕಕ್ಕೆ ನನ್ನದೊಂದು ಕೈ. ನನ್ನ ಹತ್ತಿರ ಬರುವ ಗಂಡಸರು "ಕಾಲು ಸೋತಿದೆ" ಅಂತಷ್ಟೇ ಬರುತ್ತಾರೆ, ನಿದ್ದೆಯ ವಿಷಯ ನಾನು ಕೇಳಿದ ಮೇಲೆ ಹೊರಗೆ ಬರುತ್ತದೆ. ಅಮೆರಿಕದ ಆರು ಊರುಗಳಲ್ಲಿ 65 ದಾಟಿದ ಗಂಡಸರನ್ನು ವರ್ಷಗಟ್ಟಲೆ ನೋಡಿದ ಎಂಆರ್‌ಒಎಸ್ ಎಂಬ ಅಧ್ಯಯನವಿದೆ. 2003ರಿಂದ 2005ರವರೆಗೆ ಅವರಲ್ಲಿ ಸುಮಾರು 3,000 ಮಂದಿಯ ನಿದ್ದೆಯನ್ನು ಕೈಗೆ ಕಟ್ಟುವ ಸಾಧನದಿಂದ ಅಳೆದರು. ರಾತ್ರಿ ನಡುವೆ ಎದ್ದು ಹೆಚ್ಚು ಹೊತ್ತು ಎಚ್ಚರವಿದ್ದವರ ಕೈಹಿಡಿತ ಕಮ್ಮಿ, ನಡಿಗೆ ನಿಧಾನ. ನಿದ್ದೆ ಕೆಟ್ಟು ಕಾಲು ಸೋತಿತೋ, ಕಾಲು ಸೋತು ಓಡಾಟ ನಿಂತು ನಿದ್ದೆ ಕೆಟ್ಟಿತೋ ಅನ್ನುವುದು ಅದರಿಂದ ಇತ್ಯರ್ಥವಾಗುವುದಿಲ್ಲ. ನಾನು ಎರಡೂ ಕಡೆಯಿಂದ ಹಿಡಿಯುತ್ತೇನೆ.

ಮನೆಯಲ್ಲೇ ನೋಡಿ: ಕೈಯಿಲ್ಲದ ಗಟ್ಟಿ ಕುರ್ಚಿ ಗೋಡೆಗೆ ತಾಗಿಸಿ, ಅಪ್ಪ ಎದೆ ಮೇಲೆ ಕೈಕಟ್ಟಿ ಐದು ಸಲ ಎದ್ದು ಕೂರಲಿ, ನೀವು ಪಕ್ಕದಲ್ಲಿ ನಿಂತಿರಿ. 12 ಸೆಕೆಂಡ್ ಅಥವಾ ಮೇಲಾದರೆ ಸ್ನಾಯು ಸೊರಗಿರಬಹುದು ಎಂದು ಏಷ್ಯಾದ ತಜ್ಞರು 2019ರಲ್ಲಿ ಇಟ್ಟ ಗೆರೆ. ಅದೇ ಕುರ್ಚಿಯೇ ವ್ಯಾಯಾಮ, ಬೆಳಗ್ಗೆ ಎಂಟು ಸಲ, ಸಂಜೆ ಎಂಟು ಸಲ. ಮಧ್ಯಾಹ್ನದ ನಿದ್ದೆ ಅರ್ಧ ಗಂಟೆಗೆ ಇಳಿಸಿ, ರಾತ್ರಿ ಹತ್ತೂವರೆಗೆ ಮಲಗಿಸಿ. ಒಂಬತ್ತಕ್ಕೆ ಮಲಗಿದವರಿಗೆ ಮೂರಕ್ಕೆ ಆರು ಗಂಟೆ ಆಗಿಯೇ ಹೋಗಿರುತ್ತದಲ್ಲ! ತಟ್ಟೆಯಲ್ಲಿ ಬರೀ ಮುದ್ದೆ-ಸಾರು ಬೇಡ, ಹುರುಳಿ, ಮೊಟ್ಟೆ, ಮೊಸರು ಏನಾದರೂ ಇರಲಿ. ಕಿಡ್ನಿ ತೊಂದರೆ ಇದ್ದರೆ ಮಾತ್ರ ಕೇಳಿ ಕೊಡಿ.

ದೋಹಾದಿಂದ
"ಗೊರಕೆ" ಅಂದಿರಲ್ಲ, ಅಲ್ಲೇ ನಿಂತೆ. ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಎಳೆದುಕೊಳ್ತಾರಾ ಅಂತ ನಿಮ್ಮ ಅಮ್ಮನನ್ನು ಕೇಳಿ. ನಮ್ಮಪ್ಪನಿಗೆ ಅದೇ ಇತ್ತು. ಉಸಿರು ಕಟ್ಟುವ ಆ ಕಾಯಿಲೆಯಲ್ಲೂ ರಾತ್ರಿ ಮೂತ್ರ ಜಾಸ್ತಿ. ಮಲಗಿದಾಗ ಮೂಗಿಗೆ ಗಾಳಿ ಒತ್ತುವ ಸಿಪ್ಯಾಪ್ ಮಾಸ್ಕನ್ನು ಮೊದಲ ಹದಿನೈದು ದಿನ "ಆನೆ ಸೊಂಡಿಲು" ಅಂತ ಬಿಸಾಡಿದರು. ಈಗ ಊರಿಗೆ ಹೋದರೂ ಬ್ಯಾಗಿನಲ್ಲಿ ಅದೇ ಮೊದಲು.

ತಿಪಟೂರು ಕಡೆಯವನು, ಆರು ವಾರದ ನಂತರ
ಎಲ್ಲರಿಗೂ ನಮಸ್ಕಾರ. ಐದು ಸಲಕ್ಕೆ ಮೊದಲ ದಿನ 19 ಸೆಕೆಂಡ್, ಈ ಭಾನುವಾರ 15. ಜಗ್ಗಿನ ಲೆಕ್ಕ ತಗೊಂಡು ಡಾಕ್ಟರ ಹತ್ತಿರ ಹೋದಾಗ ಗುಟ್ಟು ಹೊರಬಿತ್ತು. ಬೆಳಗ್ಗೆ ತಗೋಬೇಕಾದ "ನೀರಿನ ಮಾತ್ರೆ"ಯನ್ನು (ಮೂತ್ರ ಹೆಚ್ಚಿಸೋ ಮಾತ್ರೆ) ಅಪ್ಪ ಸಂಜೆ ಏಳಕ್ಕೆ ನುಂಗ್ತಿದ್ದರು, ತೋಟದಲ್ಲಿ ಪದೇ ಪದೇ ಮರದ ಮರೆಗೆ ಹೋಗೋಕೆ ನಾಚಿಕೆ ಅಂತ. ಯಾರಿಗೂ ಹೇಳಿರಲಿಲ್ಲ. ಈಗ ಬೆಳಗ್ಗೆ ಆರಕ್ಕೆ ನುಂಗಿ, ಹತ್ತರ ಮೇಲೆ ತೋಟಕ್ಕೆ ಹೋಗ್ತಾರೆ. ರಾತ್ರಿ ಏಳೋದು ಒಂದೇ ಸಲ. ಮಧ್ಯಾಹ್ನದ ನಿದ್ದೆ ಮಾತ್ರ ಬಿಡಲೊಲ್ಲರು.

ಉಸಿರು ಕಟ್ಟುತ್ತೆ ಅಂತ ಅಮ್ಮ ಹೇಳ್ತಿದ್ದಾರೆ. ತುಮಕೂರಿನಲ್ಲಿ ಮನೆಗೇ ಮಿಷನ್ ತಂದು ನಿದ್ದೆ ಪರೀಕ್ಷೆ ಮಾಡಿಸಿದವರು ಇದ್ದರೆ ಎಷ್ಟು ಖರ್ಚಾಯಿತು ಹೇಳಿ.