ಥರ್ಮಾಕೋಲ್ ಬಿಟ್ಟು ರಟ್ಟಿನ ಬಾಕ್ಸಿಗೆ ಬಂದೆ, ಈಗ ಗುಜರಿಯವ್ರೇ ಬೇಡ ಅಂತಿದಾರೆ

ಒಲೆಮುಂದೆ:

ಎಲ್ರಿಗೂ ನಮಸ್ಕಾರ. ನಂದು ಚಿಕ್ಕ ಕಿಚನ್ನು, ಬರೀ ಪಾರ್ಸೆಲ್, ಕೂತು ತಿನ್ನೋಕೆ ಜಾಗ ಇಲ್ಲ. ಇಷ್ಟು ದಿನ ಬಿಳಿ ಥರ್ಮಾಕೋಲ್ ಡಬ್ಬೀಲೇ ಹಾಕಿ ಕೊಡ್ತಿದ್ದೆ. ಕಸ್ಟಮರ್ಸ್ ಒಬ್ಬೊಬ್ರೇ ಬೇಡ ಅನ್ನೋಕೆ ಶುರು ಮಾಡಿದ್ರು, ನಂಗೂ ದಿನಾ ರಾತ್ರಿ ಆ ಬಿಳಿ ಡಬ್ಬಿಗಳು ಕಸದ ತೊಟ್ಟಿ ತುಂಬಿ ಗಾಳಿಗೆ ಹಾರೋದು ನೋಡಿ ಬೇಜಾರಾಗಿತ್ತು, ಸರಿ ಅಂತ ಮೂರು ತಿಂಗಳ ಹಿಂದೆ ಪೂರ್ತಿ ರಟ್ಟಿನ ಬಾಕ್ಸಿಗೆ ಬಂದ್ಬಿಟ್ಟೆ. ಸಪ್ಲೈಯರ್ ಹೇಳಿದ್ದು "100% ರೀಸೈಕಲ್ ಆಗುತ್ತೆ, ಪೇಪರ್ ತಾನೇ" ಅಂತ.

ಈಗ ನೋಡಿದ್ರೆ ಕರಿದ ಐಟಮ್ ಹಾಕಿದ್ರೆ ಅರ್ಧ ಗಂಟೇಲಿ ಮೆತ್ತಗಾಗುತ್ತೆ, ಗ್ರೇವಿ ಹಾಕಿದ್ರೆ ಮೂಲೇಲಿ ಒಸರುತ್ತೆ, ಇದೆಲ್ಲ ಹೆಂಗೋ ಸುಧಾರಿಸ್ಕೋಬಹುದು ಅಂದ್ಕೊಂಡ್ರೆ ಮೊನ್ನೆ ಗುಜರಿಯವ್ರು ಬಂದು ದಿನಸಿ ಬಂದ ಕಾರ್ಟನ್ನು, ತರಕಾರಿ ಬಂದ ಪೆಟ್ಟಿಗೆ ಎಲ್ಲ ತಗೊಂಡು ಈ ಬಾಕ್ಸ್‌ಗಳನ್ನ ಮಾತ್ರ ಪಕ್ಕಕ್ಕಿಟ್ಟು ಹೋದ್ರು. ಯಾಕೆ ಅಂದ್ರೆ "ಒಳಗೆ ಪ್ಲಾಸ್ಟಿಕ್ ಇದೆ, ಓಡಲ್ಲ" ಅಂದ್ರು. ನಾನು ಕಾಗದ ಅಂದ್ಕೊಂಡು ಕೊಡ್ತಿರೋದು ಏನು ಹಂಗಾದ್ರೆ? ಇದರ ಒಳಗುಟ್ಟು ಗೊತ್ತಿರೋರು ಹೇಳಿ. ವಾಪಸ್ ಥರ್ಮಾಕೋಲ್‌ಗೆ ಹೋಗೋ ಮನಸ್ಸಿಲ್ಲ.

—

ಕ್ರೀಸ್‌ಲೈನ್:

ನಾನು ಬಾಕ್ಸ್ ಮಾಡೋ ಕಡೆಯವನು, ಡೈ ಕಟಿಂಗ್ ಸೆಕ್ಷನ್ನಲ್ಲಿ, ಅಂದ್ರೆ ಬೋರ್ಡನ್ನ ಬಾಕ್ಸಿನ ಆಕಾರಕ್ಕೆ ಕತ್ತರಿಸೋ ಕಡೆ, ಹತ್ತು ವರ್ಷ ಆಯ್ತು, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ, ಕ್ಷಮೆ ಇರ್ಲಿ.

ಮೊದ್ಲು ಒಂದು ವಿಷ್ಯ. ಗುಜರಿಯವ್ರು ಹೇಳಿದ್ದೇ ಸರಿ ಇರೋ ಚಾನ್ಸ್ ಜಾಸ್ತಿ. ಬರೀ ರಟ್ಟು ಅನ್ನೋದು ನೀರು ಹೀರೋ ಬತ್ತಿ ಇದ್ದಂಗೆ, ಅದರ ಮೇಲೆ ಬಿಸಿ ಊಟ ಇಟ್ರೆ ನಿಲ್ಲಲ್ಲ. ಹಂಗಾಗಿ ಒಳಮುಖಕ್ಕೆ ಏನೋ ಒಂದು ಬಳೀಲೇಬೇಕು, ಆ "ಏನೋ ಒಂದು" ಏನು ಅನ್ನೋದ್ರ ಮೇಲೇ ನಿಮ್ಮ ಪ್ರಶ್ನೆ ಎಲ್ಲಾ ನಿಂತಿದೆ. ಮಾರ್ಕೆಟ್ಟಲ್ಲಿ ಜಾಸ್ತಿ ಸಿಗೋದು ಪಾಲಿಥಿನ್ ಲ್ಯಾಮಿನೇಷನ್, ಚದರ ಮೀಟರಿಗೆ 15ರಿಂದ 20 ಗ್ರಾಂ ಆಸುಪಾಸು, ಕಣ್ಣಿಗೆ ಬರೀ ಒಂದು ಹೊಳಪು ಅಷ್ಟೆ. ಇನ್ನೊಂದು ಪಿಎಲ್‌ಎ, ಗಿಡದ ಸಕ್ಕರೆಯಿಂದ ಮಾಡೋ ಪ್ಲಾಸ್ಟಿಕ್ಕು, ಹೆಸರು ಚೆನ್ನಾಗಿದೆ ಆದ್ರೆ ಅದೂ ಫಿಲ್ಮೇ. ಮೂರನೇದು ನೀರಲ್ಲಿ ಕಲಸಿ ಪೇಂಟ್ ಥರ ಬಳಿಯೋ ಡಿಸ್ಪರ್ಷನ್ ಕೋಟಿಂಗ್, ಇದು ಫಿಲ್ಮಾಗಿ ಸುಲಿದು ಬರಲ್ಲ, ರದ್ದೀನ ನೀರಲ್ಲಿ ಕದಡಿ ಪಲ್ಪ್ ಮಾಡುವಾಗ ಚೂರುಚೂರಾಗಿ ಬಿಟ್ಕೊಳ್ಳುತ್ತೆ.

ನಿಮ್ಮ ಹತ್ರ ಇರೋದು ಯಾವ್ದು ಅಂತ ಮನೇಲೇ ನೋಡ್ಬಹುದು. ಬಾಕ್ಸಿನ ಒಂದು ಮೂಲೆ ಹರೀರಿ, ನಿಧಾನಕ್ಕೆ. ಕಾಗದ ಹರಿದ್ಮೇಲೂ ಅಂಚಲ್ಲಿ ತೆಳ್ಳಗೆ ಪಾರದರ್ಶಕವಾಗಿ ಎಳ್ಕೊಂಡು ಬರ್ತಿದ್ರೆ ಅದು ಫಿಲ್ಮು. ಅನುಮಾನ ಇದ್ರೆ ಒಂದು ತುಂಡು ಬೆಚ್ಚಗಿನ ನೀರಲ್ಲಿ ರಾತ್ರಿ ನೆನೆಸಿ ಬೆಳಿಗ್ಗೆ ಬೆರಳಲ್ಲಿ ಉಜ್ಜಿ, ಫಿಲ್ಮ್ ಇದ್ರೆ ಕಾಗದ ಎಲ್ಲ ಹಿಟ್ಟಿನಂಗೆ ಉದುರಿ ಕೈಯಲ್ಲಿ ಹಾವಿನ ಪೊರೆ ಥರ ಒಂದು ಪದರ ಉಳಿಯುತ್ತೆ.

ಮೆತ್ತಗಾಗೋದು, ಒಸರೋದು ಎರಡೂ ಒಂದೇ ಕಾಯಿಲೆ ಅಲ್ಲ. ಕರಿದ ಐಟಮ್ ಮೆತ್ತಗಾಗೋದು ಹಬೆಯಿಂದ. ಒಳಗೆ ಫಿಲ್ಮ್ ಇದೆ, ಮುಚ್ಚಳ ಬಿಗಿ ಇದೆ, ಹಬೆ ಎಲ್ಲಿ ಹೋಗ್ಬೇಕು? ಮುಚ್ಚಳಕ್ಕೆ ತಾಗಿ ನೀರಾಗಿ ವಾಪಸ್ ಊಟದ ಮೇಲೇ ಬೀಳುತ್ತೆ. ಥರ್ಮಾಕೋಲಲ್ಲೂ ಇದೇ ಆಗ್ತಿತ್ತು, ನೀವು ಗಮನಿಸಿರಲ್ಲ ಅಷ್ಟೆ. ಮುಚ್ಚಳದ ಪಕ್ಕದಲ್ಲಿ ಎರಡು ತೂತು ಇರೋ ಡಿಸೈನ್ ಕೇಳಿ, ಅರ್ಧ ಸಮಸ್ಯೆ ಅಲ್ಲೇ ಹೋಯ್ತು. ಮೂಲೇಲಿ ಒಸರೋದು ಕಟಿಂಗ್ ಡಿಸೈನಿಂದು. ಮೂಲೇಲಿ ಕತ್ತರಿಸಿ ಅಂಟು ಹಾಕಿದ್ರೆ ಕತ್ತರಿಸಿದ ಅಂಚಿಗೆ ಕೋಟಿಂಗ್ ಇರಲ್ಲ, ಗ್ರೇವಿ ಅಲ್ಲಿಂದ ಒಳಗೆ ನುಗ್ಗುತ್ತೆ. ಮೂಲೇನ ಕತ್ತರಿಸದೆ ಹಾಳೆ ಮಡಚಿದಂಗೆ ಒಳಕ್ಕೆ ಮಡಿಸಿರೋ ಬಾಕ್ಸ್ ಬರುತ್ತೆ, ಅದು ಒಸರಲ್ಲ.

ಸಪ್ಲೈಯರ್ ಹತ್ರ "ರೀಸೈಕಲ್ ಆಗುತ್ತಾ" ಅಂತ ಕೇಳ್ಬೇಡಿ, ಹೂಂ ಅಂತಾನೇ ಹೇಳ್ತಾರೆ. ಒಳಗಿನ ಕೋಟಿಂಗ್ ಯಾವ್ದು, ಕಾಬ್ ವ್ಯಾಲ್ಯೂ ಎಷ್ಟು, ಕಿಟ್ ನಂಬರ್ ಎಷ್ಟು ಅಂತ ಕೇಳಿ. ಕಾಬ್ ಅಂದ್ರೆ ಒಂದು ಚದರ ಮೀಟರ್ ಬೋರ್ಡು ಇಂತಿಷ್ಟು ಹೊತ್ತಲ್ಲಿ, ಸಾಮಾನ್ಯವಾಗಿ 60 ಸೆಕೆಂಡಲ್ಲಿ, ಎಷ್ಟು ಗ್ರಾಂ ನೀರು ಕುಡೀತು ಅನ್ನೋ ಲೆಕ್ಕ, ಕಮ್ಮಿ ಇದ್ದಷ್ಟೂ ಒಳ್ಳೇದು. ಕಿಟ್ ಅನ್ನೋದು ಎಣ್ಣೆ ತಡೆಯೋ ಶಕ್ತಿ, 1ರಿಂದ 12ರ ವರೆಗೆ. ಈ ಎರಡು ಪದ ಬಾಯಿಂದ ಬಂದ ತಕ್ಷಣ ಅವ್ರ ಮಾತಿನ ಧಾಟೀನೇ ಬದಲಾಗುತ್ತೆ ನೋಡಿ 😄

—

ಅಡ್ಡಮಾತು:

ಎಲ್ರೂ ಕಾಗದದ ಭಜನೆ ಮಾಡ್ತಿದೀರಿ, ನಾನು ಸ್ವಲ್ಪ ಥರ್ಮಾಕೋಲ್ ಪರ ವಕಾಲತ್ತು ಮಾಡ್ತೀನಿ, ಹೊಡೀಬೇಡಿ.

ಆ ಫೋಮ್ ಅನ್ನೋದು ಬಹುತೇಕ ಗಾಳಿ. ಅದೇ ಸೈಜಿನ ರಟ್ಟಿನ ಬಾಕ್ಸ್ ಕೈಯಲ್ಲಿ ಹಿಡಿದು ನೋಡಿ, ಎಷ್ಟೋ ಪಟ್ಟು ಭಾರ. ಕಾಗದ ಮಾಡೋಕೆ ಮರ, ನೀರು, ಹಬೆ, ಕರೆಂಟು ಬೇಕು. 1991ರಲ್ಲೇ ಮಾರ್ಟಿನ್ ಹಾಕಿಂಗ್ ಅನ್ನೋರು ಸೈನ್ಸ್ ಪತ್ರಿಕೇಲಿ ಕಾಗದದ ಕಪ್ಪು, ಫೋಮ್ ಕಪ್ಪು ಎರಡನ್ನೂ ತೂಗಿ ನೋಡಿ, ಕಾಗದದ ಕಪ್ಪಿಗೇ ಹಬೆ, ಕರೆಂಟು, ಕೆಮಿಕಲ್ಲು ಜಾಸ್ತಿ ಬೇಕು ಅಂತ ಬರೆದಿದ್ರು. ಆ ಲೆಕ್ಕದ ಬಗ್ಗೆ ಆಮೇಲೆ ತುಂಬ ತಕರಾರು ಬಂತು, ಅದೂ ನಿಜ. ಆದ್ರೆ ಕಂದು ಬಣ್ಣ ಕಂಡ ತಕ್ಷಣ ಪರಿಸರಸ್ನೇಹಿ ಅನ್ನೋದು ಇದ್ಯಲ್ಲ, ಅದು ನಂಗೆ ಆಗಲ್ಲ.

ಮೆಕ್‌ಡೊನಾಲ್ಡ್ಸ್‌ನವ್ರು 1990ರಲ್ಲಿ ಫೋಮ್ ಡಬ್ಬಿ ಬಿಟ್ರಲ್ಲ, ಅವ್ರೂ ಹೋಗಿದ್ದು ರಟ್ಟಿನ ಡಬ್ಬಿಗಲ್ಲ, ತೆಳ್ಳಗಿನ ಸುತ್ತೋ ಕಾಗದಕ್ಕೆ. ಆ ಕಾಗದದಲ್ಲೂ ಪ್ಲಾಸ್ಟಿಕ್ ಪದರ ಇತ್ತು, ರೀಸೈಕಲ್ ಆಗ್ತಿರ್ಲಿಲ್ಲ. ಆದ್ರೂ ಒಟ್ಟು ಕಸದ ಗಾತ್ರ ಇಳೀತು, ವಾದ ಅದೇ ಆಗಿತ್ತು. ಅಂದ್ರೆ ಡಬ್ಬಿ ಯಾವ್ದು ಅಂತ ಕೇಳೋ ಮುಂಚೆ ಇದಕ್ಕೆ ಡಬ್ಬಿ ಬೇಕಾ ಅಂತ ಕೇಳ್ಬೇಕಲ್ವಾ. ಒಣ ಐಟಮ್ಮಿಗೂ ನೀವು ಬಾಕ್ಸೇ ಕೊಡ್ತಿದೀರಾ?

—

ಪಲ್ಪರ್_ಪಕ್ಕ:

@ಅಡ್ಡಮಾತು ತೂಕದ ಮಾತು ಒಪ್ಪಿದೆ, ಆದ್ರೆ ಅದೇ ಗಾಳಿ ರೀಸೈಕಲ್ ಹೊತ್ತಲ್ಲಿ ಉಲ್ಟಾ ಹೊಡೆಯುತ್ತೆ ಗುರು. ಲಾರಿ ತುಂಬ ಫೋಮ್ ಹಾಕಿದ್ರೆ ನೀವು ಸಾಗಿಸ್ತಿರೋದು ಗಾಳಿನ. ಒತ್ತಿ ಗಟ್ಟಿ ಮಾಡೋ ಮಷಿನ್ ಹತ್ರದಲ್ಲಿ ಇಲ್ದಿದ್ರೆ ಯಾರೂ ಮುಟ್ಟಲ್ಲ, ಅದೂ ಕ್ಲೀನಾಗಿದ್ರೆ ಮಾತ್ರ. ಟಿವಿ ಪ್ಯಾಕಿಂಗಲ್ಲಿ ಬರೋ ಫೋಮ್ ಪರವಾಗಿಲ್ಲ, ಗ್ರೇವಿ ಮೆತ್ಕೊಂಡಿರೋ ಡಬ್ಬಿ ಯಾರು ತೊಳೀತಾರೆ? ರಸ್ತೇಗೆ ಬಿದ್ರೆ ಪುಡಿಪುಡಿ ಆಗಿ ಚರಂಡಿ ಸೇರುತ್ತೆ, ಆಮೇಲೆ ಆರಿಸೋಕೂ ಆಗಲ್ಲ. ಯುರೋಪಿಯನ್ ಯೂನಿಯನ್ನಲ್ಲಿ 2021ರ ಜುಲೈನಿಂದ ಈ ಥರ ಫೋಮ್ ಊಟದ ಡಬ್ಬಿ, ಕಪ್ಪು ಮಾರೋದನ್ನೇ ನಿಲ್ಸಿದ್ದಕ್ಕೆ ಸಮುದ್ರದ ದಂಡೆ ಕಸನೇ ಮುಖ್ಯ ಕಾರಣ.

ಈಗ ಒಲೆಮುಂದೆ ಅವ್ರ ಪ್ರಶ್ನೆಗೆ. ನಾನು ರದ್ದಿ ಕಾಗದದಿಂದ ಬೋರ್ಡ್ ಮಾಡೋ ಮಿಲ್ಲಲ್ಲಿದ್ದೆ. ಅಲ್ಲಿ ಏನಾಗುತ್ತೆ ಅಂದ್ರೆ, ಬೇಲ್, ಅಂದ್ರೆ ಒತ್ತಿ ಕಟ್ಟಿದ ರದ್ದಿ ಗಂಟು, ಬಿಚ್ಚಿ ಪಲ್ಪರ್‌ಗೆ ಹಾಕ್ತಾರೆ, ದೊಡ್ಡ ಮಿಕ್ಸಿ ಅಂದ್ಕೊಳ್ಳಿ, ನೀರಲ್ಲಿ ತಿರುಗಿಸ್ತಾ ನಾರು ಬಿಡಿಸೋದು. ಸಾಮಾನ್ಯ ಕಾರ್ಟನ್ ಪೆಟ್ಟಿಗೆ ಬೇಗ ಕರಗಿಬಿಡುತ್ತೆ. ಪಾಲಿಥಿನ್ ಇರೋದು ಒಂದು ಕಡೆ ರೇನ್‌ಕೋಟ್ ಹಾಕ್ಕೊಂಡಂಗೆ, ಆ ಕಡೆಯಿಂದ ನೀರು ಒಳಗೆ ಹೋಗಲ್ಲ, ನಾರು ಬಿಡೋಕೆ ಟೈಮ್ ಬೇಕು. ಉಳಿದಿದ್ದು ರೆಡಿ ಆಗಿದ್ರೂ ಅದು ಆಗಿರಲ್ಲ, ನಾವು ಕಾಯಲ್ಲ, ಜಾಲರಿಗೆ ಬಂದು ನಿಲ್ಲುತ್ತೆ, ನಾರು ಸಮೇತ ರಿಜೆಕ್ಟಿಗೆ, ಅಂದ್ರೆ ಕಸಕ್ಕೆ ಹೋಗುತ್ತೆ. ಇಂಥದ್ದಕ್ಕೇ ಅಂತ ಸೆಟಪ್ ಇರೋ ಮಿಲ್ ಇದೆ, ಅಲ್ಲಿ ನಾರನ್ನ ಚೆನ್ನಾಗೇ ತೆಗೀತಾರೆ. ಆದ್ರೆ ನಿಮ್ಮ ಗುಜರಿಯವ್ರು ಯಾವ ಮಿಲ್ಲಿಗೆ ಮಾಲು ಹಾಕ್ತಾರೋ ಅದೇ ಲೆಕ್ಕಕ್ಕೆ ಬರೋದು. ಎಲ್ಲೋ ಒಂದು ಕಡೆ ರೀಸೈಕಲ್ ಆಗುತ್ತೆ ಅನ್ನೋದಕ್ಕೂ ನಿಮ್ಮ ಬಾಕ್ಸ್ ರೀಸೈಕಲ್ ಆಗುತ್ತೆ ಅನ್ನೋದಕ್ಕೂ ತುಂಬ ದೂರ.

ಒಂದು ಜಿಡ್ಡಿನ ಕಲೆಗೆಲ್ಲ ಮಿಲ್ಲು ಹೆದರಲ್ಲ, ಜನ ಅದನ್ನೇ ದೊಡ್ಡದು ಮಾಡ್ತಾರೆ. ಹೆದರೋದು ಒಳಗುಳಿದ ಊಟಕ್ಕೆ. ಬೇಲಲ್ಲಿ ಎರಡು ವಾರ ಕೂತ್ರೆ ಬೂಷ್ಟು, ವಾಸನೆ, ಇಲಿ, ಪಕ್ಕದ ಒಳ್ಳೆ ಕಾಗದನೂ ಹಾಳು. ಗುಜರಿಯವ್ರಿಗೆ ಮಿಲ್ಲಿಂದ ಒಂದು ಸಲ ಲೋಡ್ ವಾಪಸ್ ಬಂದ್ರೆ ಅವ್ರು ಜನ್ಮದಲ್ಲಿ ಇಂಥ ಬಾಕ್ಸ್ ಮುಟ್ಟಲ್ಲ, ನಿಮ್ಮವ್ರಿಗೂ ಅದೇ ಆಗಿರ್ಬೇಕು.

ಪಿಎಲ್‌ಎ ಬಗ್ಗೆ ಒಂದು ಮಾತು ಸೇರಿಸ್ತೀನಿ. ಗೊಬ್ಬರ ಆಗುತ್ತೆ ಅಂತ ಬರೆದಿದ್ರೆ ಅದು ರೀಸೈಕಲ್ ಆಗುತ್ತೆ ಅಂತ ಅರ್ಥ ಅಲ್ಲ, ಎರಡೂ ಬೇರೆ ದಾರಿ. ಗೊಬ್ಬರ ಆಗೋಕೂ 58 ಡಿಗ್ರಿ ಹತ್ರ ಬಿಸಿ ಹಿಡಿದಿಡೋ ದೊಡ್ಡ ಘಟಕ ಬೇಕು, ಹಿತ್ತಲಿನ ಗುಂಡೀಲಿ ವರ್ಷ ಬಿಟ್ಟು ತೆಗೆದ್ರೂ ಹಂಗೇ ಇರುತ್ತೆ.

—

ಮಸಿಕೈ:

ಯಾರೂ ಹೇಳ್ದೇ ಇರೋದು ಊಟಕ್ಕೆ ಏನು ಇಳಿಯುತ್ತೆ ಅನ್ನೋದು. ನಾನು ಪ್ರಿಂಟಿಂಗ್ ಕಡೆಯವಳು.

ಫೋಮ್ ಅಂದ್ರೆ ಪಾಲಿಸ್ಟೈರೀನ್, 100 ಡಿಗ್ರಿ ಆಸುಪಾಸು ಮೆತ್ತಗಾಗುತ್ತೆ, ಎಣ್ಣೆಯಿಂದ ಇಳಿದಿದ್ದು ಡೈರೆಕ್ಟ್ ಹಾಕಿದ್ರೆ ಡಬ್ಬಿ ಸುಕ್ಕಾಗೋದು ಎಲ್ರೂ ನೋಡಿರ್ತೀರ. ಅದನ್ನ ಮಾಡೋ ಮೂಲ ಕೆಮಿಕಲ್ಲು ಸ್ಟೈರೀನ್, ಡಬ್ಬೀಲಿ ಚೂರು ಉಳಿಯೋ ಆ ಸ್ಟೈರೀನನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2018ರಲ್ಲಿ "ಬಹುಶಃ ಕ್ಯಾನ್ಸರ್ ತರಬಲ್ಲದು" ಅನ್ನೋ ಪಟ್ಟಿಗೆ ಏರಿಸ್ತು. ಅದು ಮುಖ್ಯವಾಗಿ ಫ್ಯಾಕ್ಟರಿಲಿ ಉಸಿರಾಡೋ ಕೆಲಸಗಾರರನ್ನ ನೋಡಿ ಹೇಳಿದ್ದು, ಒಂದು ಡಬ್ಬೀಲಿ ತಿಂದ್ರೆ ಹೋದೆ ಅಂತಲ್ಲ.

ಹಂಗಂತ ರಟ್ಟು ಹಾಲಿನಷ್ಟು ಶುದ್ಧ ಅಂತಾನೂ ಇಲ್ಲ. ರೀಸೈಕಲ್ ಮಾಡಿದ ನಾರಲ್ಲಿ ಹಳೇ ನ್ಯೂಸ್‌ಪೇಪರ್ ಮಸಿಯ ಮಿನರಲ್ ಆಯಿಲ್, ಅಂದ್ರೆ ಪೆಟ್ರೋಲಿಯಂ ಎಣ್ಣೆ, ಉಳ್ಕೊಂಡಿರುತ್ತೆ, ಊಟಕ್ಕೆ ಹತ್ತುತ್ತೆ, ಅದಕ್ಕೇ ಊಟ ಮುಟ್ಟೋ ಪದರ ಹೊಸ ನಾರಿಂದೇ ಇರ್ಬೇಕು ಅಂತ ಕೇಳಿ. "ಪೂರ್ತಿ ರೀಸೈಕಲ್ಡ್ ಬೋರ್ಡು" ಅಂತ ಹೆಮ್ಮೆಯಿಂದ ಹೇಳಿದ್ರೆ ಊಟದ ವಿಷ್ಯದಲ್ಲಿ ಅದು ಒಳ್ಳೇ ಸುದ್ದಿ ಅಲ್ಲ. ಇನ್ನೊಂದು, ಹೊರಗೆ ಲೋಗೋ ಹಾಕಿಸಿದೀರಾ? ಬಾಕ್ಸ್‌ಗಳನ್ನ ಒಂದರ ಮೇಲೊಂದು ಜೋಡಿಸಿಟ್ರೆ ಇದರ ಹೊರಗಿನ ಮಸಿ ಅದರ ಒಳಮುಖಕ್ಕೆ ಮೆತ್ಕೊಳ್ಳುತ್ತೆ, ನಾವು ಸೆಟ್‌ಆಫ್ ಅಂತೀವಿ, ಕಣ್ಣಿಗೆ ಕಾಣ್ಬೇಕು ಅಂತೇನಿಲ್ಲ. ಹೊಸ ಬಂಡಲ್ ಬಿಚ್ಚಿ ಮೂಸಿ ನೋಡಿ, ಸೀಮೆಎಣ್ಣೆ ಥರ ವಾಸನೆ ಬಂದ್ರೆ ವಾಪಸ್ ಕಳ್ಸಿ.

ಮೇಲೆ ಕಿಟ್ ನಂಬರ್ ಹೇಳಿದ್ರಲ್ಲ, ಅದಕ್ಕೂ ಒಂದು ಬಾಲ ಇದೆ. ಫಿಲ್ಮೂ ಇಲ್ಲ, ಕೋಟಿಂಗೂ ಕಾಣಲ್ಲ, ಆದ್ರೆ ಎಣ್ಣೆ ಮಾತ್ರ ತಾವರೆ ಎಲೆ ಮೇಲಿನ ನೀರಿನಂಗೆ ಗುಂಡಗೆ ನಿಲ್ಲುತ್ತೆ ಅಂದ್ರೆ ಪಿಎಫ್‌ಎಎಸ್ ಹಾಕಿರ್ಬಹುದು, ಫ್ಲೋರಿನ್ ಕೆಮಿಕಲ್ಲು, ಮಣ್ಣಲ್ಲೂ ನೀರಲ್ಲೂ ಹೋಗದೇ ಉಳಿಯೋದು. ಕಬ್ಬಿನ ಸಿಪ್ಪೆಯ ಅಚ್ಚು ತಟ್ಟೇಲಿ ಇದನ್ನ ತುಂಬ ಬಳಸ್ತಿದ್ರು. ಅಮೆರಿಕದ ಎಫ್‌ಡಿಎ 2024ರಲ್ಲಿ ಜಿಡ್ಡು ತಡೆಯೋ ಪಿಎಫ್‌ಎಎಸ್ ಅಲ್ಲಿ ಊಟದ ಪ್ಯಾಕಿಂಗಿಗೆ ಮಾರಾಟ ಆಗ್ತಿಲ್ಲ ಅಂತ ಹೇಳ್ತು, ಆದ್ರೆ ಎಲ್ಲ ಕಡೆ ಹಂಗಿಲ್ಲ. "ಪಿಎಫ್‌ಎಎಸ್ ಸೇರಿಸಿಲ್ಲ" ಅಂತ ಲೆಟರ್‌ಹೆಡ್ ಮೇಲೆ ಬರೆಸ್ಕೊಳ್ಳಿ, ಬಾಯಿಮಾತು ಬೇಡ.

—

ಒಲೆಮುಂದೆ:

ಅಬ್ಬಾ, ಇಷ್ಟು ಸಿಗುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಕ್ರೀಸ್‌ಲೈನ್ ಸರ್ ಹೇಳಿದ್ದು ಮಾಡ್ದೆ. ರಾತ್ರಿ ನೆನೆಸಿಟ್ಟು ಬೆಳಿಗ್ಗೆ ಉಜ್ಜಿದ್ರೆ ಪೊರೆ ಅಂದ್ರೆ ಪೊರೆ, ಇಡೀ ಬಾಕ್ಸಿನ ಶೇಪಲ್ಲೇ ಕೈಗೆ ಬಂತು, ನಮ್ಮ ಹುಡುಗ ಅದನ್ನ ಗ್ಲೌಸ್ ಥರ ಬೆರಳಿಗೆ ಹಾಕ್ಕೊಂಡು ನಗ್ತಿದ್ದ. ಸಪ್ಲೈಯರಿಗೆ ಫೋನ್ ಹಚ್ಚಿ ಕಾಬ್ ಎಷ್ಟು ಅಂದೆ, "ಒಂದ್ನಿಮಿಷ" ಅಂತ ಹೋದೋರು ಸಂಜೆ ಫೋನ್ ಮಾಡಿದ್ರು. ಡಿಸ್ಪರ್ಷನ್ ಕೋಟಿಂಗಿಂದು ಸ್ಯಾಂಪಲ್ ಕಳಿಸ್ತಾರಂತೆ, ಆದ್ರೆ ಗ್ರೇವಿ ಜಾಸ್ತಿ ಹೊತ್ತು ತಡೆಯಲ್ಲ ಅಂತ ಅವ್ರೇ ಒಪ್ಕೊಂಡ್ರು.

ಅಡ್ಡಮಾತು ಅವ್ರೇ, ನಿಮ್ಮ ಪ್ರಶ್ನೆ ಚುಚ್ತು, ಹೌದು, ಒಣ ಐಟಮ್ಮಿಗೂ ಬಾಕ್ಸೇ ಕೊಡ್ತಿದ್ದೆ. ನಾಳೆಯಿಂದ ಅವು ಬರೀ ಕಾಗದದ ಚೀಲಕ್ಕೆ. ಕರಿದಿದ್ದು ತೂತಿರೋ ಬಾಕ್ಸಿಗೆ. ಗ್ರೇವಿಗೇ ಇನ್ನೂ ದಾರಿ ಕಾಣ್ತಿಲ್ಲ.

—

ಕ್ರೀಸ್‌ಲೈನ್:

ಗ್ರೇವಿಗೆ ರಟ್ಟಿನ ಬೆನ್ನು ಹತ್ಬೇಡಿ, ಅದರ ಸ್ವಭಾವ ಅಲ್ಲ ಅದು. ದಿನಾ ಬರೋ ಗಿರಾಕಿಗಳಿದ್ರೆ ಡೆಪಾಸಿಟ್ ಇಟ್ಟು ವಾಪಸ್ ಕೊಡೋ ಡಬ್ಬಿ ಟ್ರೈ ಮಾಡಿ, ಹತ್ತು ಜನರಿಂದ ಶುರು ಮಾಡಿ ಸಾಕು. ಸ್ಯಾಂಪಲ್ ಬಂದ್ಮೇಲೆ ಬಿಸಿ ಗ್ರೇವಿನೇ ಹಾಕಿ 40 ನಿಮಿಷ ಬಿಳಿ ಕಾಗದದ ಮೇಲಿಟ್ಟು ನೋಡಿ, ತಣ್ಣೀರು ಹಾಕಿ ಟೆಸ್ಟ್ ಮಾಡೋರೇ ಜಾಸ್ತಿ, ಅದ್ರಲ್ಲಿ ಎಲ್ಲಾ ಬಾಕ್ಸೂ ಪಾಸು.

—

ಪಲ್ಪರ್_ಪಕ್ಕ:

ಮತ್ತೆ ಆ ಸ್ಯಾಂಪಲ್ಲಿಂದ ಎರಡು ಖಾಲಿ ಬಾಕ್ಸ್ ಎತ್ತಿಟ್ಟು ನಿಮ್ಮ ಗುಜರಿಯವ್ರಿಗೆ ತೋರ್ಸಿ, ಆರ್ಡರ್ ಕೊಡೋಕೆ ಮುಂಚೆ. ಅವ್ರು ಹರಿದು ನೋಡಿ ತಲೆ ಆಡಿಸಿದ್ರೆ ತಗೊಳ್ಳಿ.