ಸಹಾಯ ಬೇಕು: ಕ್ಯಾತ್ಸಂದ್ರದಲ್ಲಿ ಫ್ಯಾನ್ ಹಾಕೋಕೆ ಎಲೆಕ್ಟ್ರಿಷಿಯನ್

ಎಲ್ಲರಿಗೂ ನಮಸ್ಕಾರ. ತುಮಕೂರಿನ ಕ್ಯಾತ್ಸಂದ್ರದಲ್ಲಿ ಅಮ್ಮ ಇರೋ ಮನೆಗೆ ಒಬ್ಬ ನಂಬಿಕಸ್ಥ ಎಲೆಕ್ಟ್ರಿಷಿಯನ್ ಬೇಕಾಗಿದ್ದಾರೆ. ಬಟವಾಡಿ, ಶಿರಾ ಗೇಟ್ ಕಡೆಯವರಾದರೂ ಸರಿ, ಬಂದುಹೋಗೋ ಖರ್ಚು ಕೊಡ್ತೀವಿ.

ನಡುಮನೆಯ ಹಳೇ ಫ್ಯಾನ್ ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತೆ, ತಿರುಗಲ್ಲ. 2.5 ಮೈಕ್ರೋಫ್ಯಾರಡ್ ಕೆಪಾಸಿಟರ್ ಹೊಸದು ಹಾಕಿಸಿದ್ದಾಯ್ತು, ಆದರೂ ಅದೇ ಕಥೆ. ನೋಡಿದವರು ವೈಂಡಿಂಗ್ (ಮೋಟರಿನ ತಂತಿ ಸುತ್ತು) ಹೋಗಿದೆ ಅಂದರು, ನಾಳೆ ಬರ್ತೀನಿ ಅಂತ ಹೋದವರು ಈಗ ಫೋನೇ ಎತ್ತಲ್ಲ. ರಿಪೇರಿ ಸಹವಾಸ ಸಾಕು ಅಂತ ಕಮ್ಮಿ ಕರೆಂಟ್ ಎಳೆಯೋ ಬಿಎಲ್‌ಡಿಸಿ ಫ್ಯಾನ್ ತಂದಿಟ್ಟಿದ್ದೀವಿ. ಹಳೇದು ಸುಮಾರು 75 ವ್ಯಾಟ್ ಎಳೀತಿತ್ತು, ಇದಕ್ಕೆ 30ರ ಆಸುಪಾಸು ಸಾಕು.

ತೊಡಕಿರೋದು ಮೇಲೆ. ಮದ್ರಾಸ್ ತಾರಸಿ (ಮರದ ತೊಲೆ ಮೇಲೆ ಇಟ್ಟಿಗೆ, ಗಾರೆ ಹಾಕಿರೋ ಹಳೇ ಸೂರು), ತೊಲೆಗೆ ಹೊಡೆದಿರೋ ಕೊಕ್ಕೆ. ಕೊಕ್ಕೆ ಸುತ್ತ ಮರ ಪುಡಿ ಉದುರ್ತಿದೆ, ಗೆದ್ದಲೋ ಏನೋ. ತೊಲೆ ಗಟ್ಟಿ ಇದೆಯಾ ಅಂತ ತಟ್ಟಿ ನೋಡಿ, ಬೇಕಿದ್ದರೆ ಕ್ಲಾಂಪ್ ಹಾಕೋರು ಬೇಕು. ಸೂರು ಎತ್ತರ, ಉದ್ದನೆ ರಾಡ್ ಬೇಕಾಗುತ್ತೆ. ಡಬ್ಬಿಯಂಥ ಹಳೇ ರೆಗ್ಯುಲೇಟರ್ ತೆಗೆದು ಲೈನ್ ನೇರ ಕೊಡಬೇಕು, ಇಲ್ಲದಿದ್ದರೆ ಹೊಸ ಫ್ಯಾನಿನ ಒಳಗಿರೋ ಎಲೆಕ್ಟ್ರಾನಿಕ್ ಬೋರ್ಡ್ ಕೆಡಬಹುದು. ಅರ್ಥಿಂಗ್ ಬರ್ತಿದೆಯಾ ಅಂತಲೂ ನೋಡಬೇಕು.

ಎತ್ತರದ ಏಣಿ ಅವರೇ ತರಬೇಕು, ಮನೇಲಿರೋದು ಸ್ಟೂಲು ಮಾತ್ರ. ಕೂಲಿ ಎಷ್ಟು ಅಂತ ಮೊದಲೇ ಹೇಳಿಬಿಟ್ಟರೆ ಚೌಕಾಸಿ ಮಾಡಲ್ಲ. ಅಮ್ಮ ಒಬ್ಬರೇ ಇರ್ತಾರೆ, ಹಾಗಾಗಿ ನಿಮ್ಮ ಮನೇಲಿ ಕೆಲಸ ಮಾಡಿರೋರನ್ನೇ ಹೇಳಿ. ಭಾನುವಾರ ನಾನೂ ಊರಲ್ಲಿರ್ತೀನಿ. ನಂಬರ್ ಇನ್‌ಬಾಕ್ಸ್‌ಗೆ ಕಳಿಸಿ.