ಈ ಗುಂಪು ನಿಜವಾಗಿಯೂ ಸುಲಭದ್ದಾಗಿತ್ತೇ? ಫುಟ್‌ಬಾಲ್ ಏಷ್ಯಾ ಕಪ್ ಅರ್ಹತಾ ಸುತ್ತಿನಲ್ಲಿ ಭಾರತದ ಆಟ

ಪ್ರಶ್ನೆ: ಪಶ್ಚಿಮ_ಗ್ಯಾಲರಿ

2025ರ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಎದುರು ಆದ ಸೋಲಿಗೆ ವಾರ ತುಂಬುತ್ತಿದೆ. ಸಿಟ್ಟು ಇಳಿದ ಮೇಲೆ ಕೇಳೋಣವೆಂದು ಇಷ್ಟು ದಿನ ಸುಮ್ಮನಿದ್ದೆ. 2024ರ ಡಿಸೆಂಬರಿನಲ್ಲಿ ಗುಂಪುಗಳ ಡ್ರಾ ನಡೆದು ಹಾಂಗ್‌ಕಾಂಗ್, ಸಿಂಗಪುರ ಮತ್ತು ಬಾಂಗ್ಲಾದೇಶಗಳ ಜೊತೆಗೆ ಭಾರತದ ಹೆಸರು ಬಂದಾಗ, ಫಿಫಾ ಶ್ರೇಯಾಂಕದಲ್ಲಿ ನಾಲ್ಕೂ ತಂಡಗಳ ಪೈಕಿ ನಾವೇ ಮುಂದಿದ್ದೇವೆ ಎಂಬ ಧೈರ್ಯದ ಮೇಲೆ 2027ರ ಏಷ್ಯಾ ಕಪ್ ನೋಡಲು ಸೌದಿ ಅರೇಬಿಯಾ ಪ್ರಯಾಣಕ್ಕೆ ಎಷ್ಟು ಖರ್ಚಾಗಬಹುದೆಂದು ಲೆಕ್ಕ ಹಾಕತೊಡಗಿದ ಗೆಳೆಯರು ನನಗಿದ್ದಾರೆ. ಅವರಲ್ಲಿ ನಾನೂ ಒಬ್ಬನಾಗಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಮಾರ್ಚ್‌ನಲ್ಲಿ ಶಿಲ್ಲಾಂಗ್‌ನಲ್ಲಿ ಬಾಂಗ್ಲಾದೇಶದ ಎದುರು ಗೋಲಿಲ್ಲದ ಡ್ರಾ, ಜೂನ್‌ನಲ್ಲಿ ಹಾಂಗ್‌ಕಾಂಗ್‌ನ ಕೈ ತಕ್ ಕ್ರೀಡಾಂಗಣದಲ್ಲಿ ಹೆಚ್ಚುವರಿ ನಿಮಿಷಗಳ ಪೆನಾಲ್ಟಿಯಿಂದ ಸೋಲು, ಅಕ್ಟೋಬರ್ 9ರಂದು ಸಿಂಗಪುರದಲ್ಲಿ 90ನೇ ನಿಮಿಷದ ರಹೀಮ್ ಅಲಿ ಗೋಲಿನಿಂದ ದಕ್ಕಿದ 1–1, ಐದು ದಿನಗಳ ನಂತರ ಮಡಗಾಂವಿನ ಫತೋರ್ಡಾದಲ್ಲಿ ಅದೇ ಸಿಂಗಪುರದ ಎದುರು ಮೊದಲು ಗೋಲು ಹೊಡೆದೂ 1–2ರ ಸೋಲು, ನವೆಂಬರ್ 18ರಂದು ಢಾಕಾದಲ್ಲಿ 0–1. ಐದು ಪಂದ್ಯಗಳಲ್ಲಿ ನಾವು ಹೊಡೆದ ಗೋಲು ಎರಡು, ಪಡೆದ ಅಂಕವೂ ಎರಡು, ಸ್ಥಾನ ಕೊನೆಯದು. ಬಾಂಗ್ಲಾದೇಶ ನಮ್ಮನ್ನು ಸೋಲಿಸಿದ್ದು 22 ವರ್ಷಗಳ ನಂತರ ಇದೇ ಮೊದಲು.

ನನ್ನ ಪ್ರಶ್ನೆ ಇಷ್ಟೇ: ದುರ್ಬಲ ಗುಂಪಿನಲ್ಲಿ ನಮ್ಮ ಆಟ ಕೆಟ್ಟಿತೇ, ಅಥವಾ ನಮ್ಮ ಆಟ ಇರುವುದೇ ಇಷ್ಟಾಗಿದ್ದು ನಮ್ಮ ಅಂದಾಜು ಕೆಟ್ಟಿತ್ತೇ? ಕೋಚ್ ಬದಲಿಸಬೇಕು ಎಂಬ ಒಂದೇ ಸಾಲಿನ ಉತ್ತರವನ್ನು ದಯವಿಟ್ಟು ಯಾರೂ ಬರೆಯಬೇಡಿ. ಸ್ಟಿಮಾಚ್, ಮಾರ್ಕೆಜ್, ಖಾಲಿದ್ ಜಮೀಲ್ ಎಂದು ಒಂದೂವರೆ ವರ್ಷದೊಳಗೆ ಮೂವರನ್ನು ನೋಡಿದ್ದೇವೆ.

ಉತ್ತರ 1: ಆಸ್ಟಿನ್‌ಟೌನ್_10

ಗುಂಪು ಸುಲಭದ್ದೇ ಆಗಿತ್ತು, ಅದರಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಇದೇ ಹಾಂಗ್‌ಕಾಂಗ್ ತಂಡವನ್ನು 2022ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ನಾವು 4–0ಯಿಂದ ಸೋಲಿಸಿದ್ದೆವು. ಆ ಸುತ್ತಿನಲ್ಲಿ ಕಾಂಬೋಡಿಯಾ, ಅಫ್ಘಾನಿಸ್ತಾನಗಳನ್ನೂ ಸೋಲಿಸಿ ಮೂರಕ್ಕೆ ಮೂರೂ ಪಂದ್ಯ ಗೆದ್ದಿದ್ದೆವು. ಮೂರು ವರ್ಷಗಳಲ್ಲಿ ಅವರೇನೂ ಬ್ರೆಜಿಲ್ ಆಗಿಬಿಟ್ಟಿಲ್ಲ. ಎದುರಾಳಿ ಬೆಳೆದಿದ್ದಾರೆ ಎನ್ನುವುದು ಕುಣಿಯಲಾರದವಳು ನೆಲ ಡೊಂಕು ಎಂದಂತೆ.

ಬೆಂಗಳೂರಿನವರಿಗೆ ಇದರಲ್ಲಿ ಇನ್ನೊಂದು ನೋವೂ ಇದೆ. ನಮ್ಮ ಬೆಂಗಳೂರು ಎಫ್‌ಸಿಗೆ ಎರಡು ಬಾರಿ ಐ-ಲೀಗ್ ಗೆದ್ದುಕೊಟ್ಟ ಆ್ಯಶ್ಲಿ ವೆಸ್ಟ್‌ವುಡ್ ಅವರೇ 2024ರ ವಿಶ್ವಕಪ್ ಅರ್ಹತಾ ಪಂದ್ಯದಲ್ಲಿ ಗುವಾಹಟಿಯಲ್ಲಿ ನಮ್ಮನ್ನು ಸೋಲಿಸಿದ ಅಫ್ಘಾನಿಸ್ತಾನದ ಕೋಚ್ ಆಗಿದ್ದರು, ಕೈ ತಕ್‌ನಲ್ಲಿ ನಮ್ಮನ್ನು ಸೋಲಿಸಿದ ಹಾಂಗ್‌ಕಾಂಗ್‌ನ ಬೆಂಚಿನ ಮೇಲೂ ಅವರೇ ಇದ್ದರು. ನಮ್ಮ ಆಟಗಾರರ ಬಲವನ್ನೂ ದೌರ್ಬಲ್ಯವನ್ನೂ ನಮ್ಮ ಮೈದಾನದಲ್ಲೇ ನಿಂತು ಕಲಿತ ಮನುಷ್ಯ, ಎರಡು ಬೇರೆ ಬೇರೆ ದೇಶಗಳ ಪರವಾಗಿ ಒಂದೇ ಪಾಠವನ್ನು ನಮಗೆ ಎರಡು ಸಲ ಒಪ್ಪಿಸಿದರು.

ಉತ್ತರ 2: ಅಂಕಪಟ್ಟಿ_ಓದುಗ

ಆಸ್ಟಿನ್‌ಟೌನ್ ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಆದರೆ 2022ರ ಹೋಲಿಕೆಯನ್ನು ಒಪ್ಪಲಾರೆ. ಆಗ ಗುಂಪಿನಲ್ಲಿ ಎರಡನೆಯವರಾಗಿ ಉಳಿದ ಐದು ತಂಡಗಳಿಗೂ ದಾರಿಯಿತ್ತು. ಅದಕ್ಕೂ ಹಿಂದೆ, 2019ರ ಏಷ್ಯಾ ಕಪ್‌ಗೆ ಅರ್ಹತೆ ಪಡೆಯುವಾಗ, ನಾಲ್ಕರಲ್ಲಿ ಮೊದಲ ಎರಡು ತಂಡಗಳು ನೇರವಾಗಿ ಹೋಗುತ್ತಿದ್ದವು. ಆ ಗುಂಪನ್ನು ನೆನೆಸಿಕೊಳ್ಳಿ: ಕಿರ್ಗಿಸ್ತಾನ, ಮ್ಯಾನ್ಮಾರ್, ಮಕಾವು. 2017ರ ಜೂನ್ 13ರಂದು ಕಂಠೀರವದಲ್ಲಿ ಕಿರ್ಗಿಸ್ತಾನದ ಎದುರು ನಾಯಕ ಸುನೀಲ್ ಛೆಟ್ರಿ 69ನೇ ನಿಮಿಷದಲ್ಲಿ ಗೋಲು ಹೊಡೆದಾಗ ನಾನು ಅಲ್ಲಿದ್ದೆ. ಅಕ್ಟೋಬರಿನಲ್ಲಿ ಮಕಾವು ವಿರುದ್ಧ 4–1ರಿಂದ ಗೆದ್ದು ಅರ್ಹತೆ ಪಡೆದಾಗಲೂ ಅಲ್ಲಿದ್ದೆ. ನಂತರ ನಾವು ಮ್ಯಾನ್ಮಾರ್ ಜೊತೆ ಗೋವಾದಲ್ಲಿ 2–2 ಡ್ರಾ ಮಾಡಿಕೊಂಡದ್ದನ್ನಾಗಲಿ, ಕಿರ್ಗಿಸ್ತಾನದಲ್ಲಿ ಸೋತದ್ದನ್ನಾಗಲಿ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಏಕೆಂದರೆ ಬಾಗಿಲು ಅಷ್ಟು ಅಗಲವಾಗಿ ತೆರೆದಿತ್ತು. ಈ ಬಾರಿ ನಾಲ್ಕರಲ್ಲಿ ಒಂದೇ ತಂಡಕ್ಕೆ ಪ್ರವೇಶ. ಅಂಥ ಗುಂಪಿನಲ್ಲಿ ತವರಿನ ಮೊದಲ ಪಂದ್ಯವನ್ನೇ ಡ್ರಾ ಮಾಡಿಕೊಂಡರೆ ಉಳಿದ ಐದೂ ಪಂದ್ಯಗಳು ಪರೀಕ್ಷೆಯ ಕೊನೆಯ ಹತ್ತು ನಿಮಿಷದಂತಾಗುತ್ತವೆ.

ಆದರೆ ಈ ಇಕ್ಕಟ್ಟಿನ ಬಾಗಿಲಿಗೆ ನಾವು ಬಂದು ನಿಂತದ್ದಾದರೂ ಏಕೆ ಎಂಬುದನ್ನು ಬಹಳ ಮಂದಿ ಮರೆತಿದ್ದಾರೆ. ವಿಶ್ವಕಪ್ ಅರ್ಹತೆಯ ಎರಡನೇ ಸುತ್ತಿನ ಒಂಬತ್ತು ಗುಂಪುಗಳಲ್ಲಿ ಮೊದಲ ಎರಡು ಸ್ಥಾನ ಪಡೆದ 18 ತಂಡಗಳಿಗೆ ಏಷ್ಯಾ ಕಪ್‌ನಲ್ಲಿ ನೇರ ಸ್ಥಾನವಿತ್ತು. ನಮ್ಮ ಗುಂಪಿನಲ್ಲಿ ಕತಾರ್, ಕುವೈತ್, ಅಫ್ಘಾನಿಸ್ತಾನ ಇದ್ದವು. ಕತಾರನ್ನು ಬದಿಗಿಟ್ಟರೆ ಅದೂ ದುರ್ಬಲ ಗುಂಪೇ. 2023ರ ನವೆಂಬರಿನಲ್ಲಿ ಕುವೈತ್ ನಗರದಲ್ಲಿ ಮನ್‌ವೀರ್ ಸಿಂಗ್ ಗೋಲಿನಿಂದ ಗೆದ್ದು ಅತ್ಯಂತ ಕಷ್ಟದ ಕೆಲಸವನ್ನು ಮೊದಲ ದಿನವೇ ಮುಗಿಸಿದ್ದೆವು. ಆ ಮೇಲೆ, ತಮ್ಮ ಫುಟ್‌ಬಾಲ್ ಒಕ್ಕೂಟದೊಂದಿಗಿನ ಜಗಳದಿಂದ ಹಲವು ಪ್ರಮುಖ ಆಟಗಾರರು ದೂರ ಉಳಿದಿದ್ದ, ಸ್ವದೇಶದಲ್ಲಿ ಒಂದು ಪಂದ್ಯವನ್ನೂ ಆಡಲಾಗದ ಅಫ್ಘಾನಿಸ್ತಾನದ ಎದುರು ಸೌದಿಯ ಅಬಹಾದಲ್ಲಿ 0–0 ಡ್ರಾ ಮಾಡಿಕೊಂಡೆವು. 2024ರ ಮಾರ್ಚ್ 26ರಂದು ಗುವಾಹಟಿಯಲ್ಲಿ, ಛೆಟ್ರಿಯ 150ನೇ ಪಂದ್ಯದಲ್ಲಿ, ಅವರದೇ ಪೆನಾಲ್ಟಿ ಗೋಲಿನಿಂದ ಮುಂದಿದ್ದು, 70ನೇ ಮತ್ತು 88ನೇ ನಿಮಿಷಗಳಲ್ಲಿ ಗೋಲು ಬಿಟ್ಟುಕೊಟ್ಟು ಸೋತೆವು.

ಅಂತಿಮ ಪಟ್ಟಿಯಲ್ಲಿ ಕುವೈತ್‌ಗೆ 7 ಅಂಕ, ನಮಗೆ 5. ಗುವಾಹಟಿಯ ಆ ಒಂದು ಪಂದ್ಯವನ್ನು ಗೆದ್ದಿದ್ದರೆ, ಉಳಿದದ್ದೆಲ್ಲ ಆದಂತೆಯೇ ಆಗಿದ್ದರೂ ನಮಗೆ 8 ಅಂಕಗಳಾಗಿ, ಎರಡನೇ ಸ್ಥಾನದೊಂದಿಗೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತೂ ಏಷ್ಯಾ ಕಪ್ಪೂ ಒಟ್ಟಿಗೇ ಸಿಗುತ್ತಿದ್ದವು. ಸಿಂಗಪುರ, ಢಾಕಾಗಳ ಮುಖವನ್ನೇ ನೋಡಬೇಕಾಗಿರಲಿಲ್ಲ. ಆದ್ದರಿಂದ ನಾವು ಹೊರಬಿದ್ದದ್ದು ಫತೋರ್ಡಾದಲ್ಲಿ ಎಂದು ಪತ್ರಿಕೆಗಳು ಬರೆದರೂ, ನನ್ನ ಪಟ್ಟಿಯಲ್ಲಿ ಅದು ಗುವಾಹಟಿಯಲ್ಲೇ ನಡೆದುಹೋಗಿದೆ.

ಉತ್ತರ 3: ದೋಹಾದಲ್ಲಿರುವ_ಮಂಗಳೂರಿನವ

ಅಂಕಪಟ್ಟಿ ಅವರ ಲೆಕ್ಕ ಸರಿ. ಆದರೂ ಆ ಗುಂಪಿನ ಕೊನೆಯ ಪಂದ್ಯವನ್ನು ಇಲ್ಲಿನ ಜಾಸಿಮ್ ಬಿನ್ ಹಮದ್ ಕ್ರೀಡಾಂಗಣದಲ್ಲಿ ಕುಳಿತು ನೋಡಿದವನಾಗಿ ಒಂದು ಮಾತು ಸೇರಿಸಬೇಕು. 2024ರ ಜೂನ್ 11ರಂದು ನಮ್ಮ ವಿಂಗರ್ (ಅಂಚಿನಲ್ಲಿ ಓಡುವ ಆಟಗಾರ) ಛಾಂಗ್ಟೆ ಗೋಲಿನಿಂದ ನಾವು 73ನೇ ನಿಮಿಷದವರೆಗೂ ಮುಂದಿದ್ದೆವು. ಗೆರೆ ದಾಟಿ ಹೊರಗೆ ಹೋದ ಚೆಂಡನ್ನು ಒಳಗೆಳೆದು ಕತಾರ್ ಗೋಲು ಮಾಡಿತು. ಆ ಸುತ್ತಿನಲ್ಲಿ ವಿಡಿಯೊ ರೆಫರಿಯ ವ್ಯವಸ್ಥೆ ಇರಲಿಲ್ಲವಾದ್ದರಿಂದ ಗೋಲು ಉಳಿದುಕೊಂಡಿತು. 85ನೇ ನಿಮಿಷದಲ್ಲಿ ಇನ್ನೊಂದು ಬಿತ್ತು. ಗೆದ್ದಿದ್ದರೆ ಅಲ್ಲಿಯೂ 8 ಅಂಕಗಳಾಗುತ್ತಿದ್ದವು. ಮೊದಲೇ ಅರ್ಹತೆ ಪಡೆದಿದ್ದ ಕತಾರ್ ಅಂದು ಹೆಚ್ಚಾಗಿ ಹೊಸಬರನ್ನೇ ಇಳಿಸಿತ್ತು ಎಂಬುದನ್ನು ಮಾತ್ರ ನಾವು ಹೇಳಿಕೊಳ್ಳುವಾಗ ಮರೆಯುತ್ತೇವೆ.

ಆ ದಿನದ ಅನ್ಯಾಯವನ್ನು ನಾನು ಹೇಳುತ್ತಿರುವುದು ನೆಪಕ್ಕಾಗಿ ಅಲ್ಲ. ಅಂದು ನಮ್ಮವರು ಚೆನ್ನಾಗಿ ಆಡಿದ್ದು ಏಕೆ ಎಂದು ಯೋಚಿಸಿ. ಚೆಂಡು ಕತಾರಿನವರ ಬಳಿ ಇತ್ತು, ನಮಗೆ ಹಿಂದೆ ನಿಂತು ಕಾದು, ಸಿಕ್ಕಾಗ ಛಾಂಗ್ಟೆಯ ಓಟಕ್ಕೆ ಚೆಂಡು ಬಿಡುವ ಕೆಲಸವಿತ್ತು. ಕುವೈತ್‌ನಲ್ಲಿ ಗೆದ್ದದ್ದೂ ಹೆಚ್ಚುಕಡಿಮೆ ಹಾಗೆಯೇ. ಶಿಲ್ಲಾಂಗ್‌ನಲ್ಲಿ, ಗುವಾಹಟಿಯಲ್ಲಿ ಎದುರಾಳಿ ಹಿಂದೆ ಸರಿದು ನಿಂತು, ಚೆಂಡು ನೀವೇ ಇಟ್ಟುಕೊಳ್ಳಿ, ಏನು ಮಾಡುತ್ತೀರೋ ನೋಡೋಣ ಎಂದಾಗ ನಮಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಬಲಿಷ್ಠರ ಗುಂಪಿನಲ್ಲಿ ಮುಚ್ಚಿಹೋಗುವ ಈ ಕೊರತೆ ದುರ್ಬಲರ ಗುಂಪಿನಲ್ಲಿ ಬಯಲಾಗುತ್ತದೆ. ನಮ್ಮ ಮಟ್ಟಿಗೆ ‘ಸುಲಭದ ಗುಂಪು’ ಎಂಬುದೇ ಕಷ್ಟದ ಗುಂಪು.

ಉತ್ತರ 4: ಆಸ್ಟಿನ್‌ಟೌನ್_10

ದೋಹಾದ ಸಹೋದರರ ಕೊನೆಯ ಮಾತಿಗೆ ನನ್ನ ಮೊದಲ ಉತ್ತರವನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ, ಪೂರ್ತಿ ಅಲ್ಲ. ಸಿಂಗಪುರ ಎಂದೂ ಹಿಂದೆ ಸರಿದು ನಿಲ್ಲಲಿಲ್ಲ. ಫತೋರ್ಡಾದಲ್ಲಿ ಅವರು ನಮ್ಮಂತೆಯೇ ಬಿಚ್ಚಿ ಆಡಿದರು, ಛಾಂಗ್ಟೆ 14ನೇ ನಿಮಿಷದಲ್ಲಿ ದೂರದಿಂದ ಗೋಲು ಹೊಡೆದ ಮೇಲೂ ಬೆದರಲಿಲ್ಲ, ಸಾಂಗ್ ಉಯ್-ಯಂಗ್ ವಿರಾಮಕ್ಕೆ ಮೊದಲೊಂದು ನಂತರವೊಂದು ಗೋಲು ಹೊಡೆದು ಪಂದ್ಯ ಮುಗಿಸಿದರು. ಅದೂ ಹಂಗಾಮಿ ಕೋಚ್ ಕೈಕೆಳಗೆ.

ಉತ್ತರ 5: ಒಂಬತ್ತನೇ_ನಂಬರ್

ಎಲ್ಲರೂ ಸುತ್ತಿ ಬಳಸಿ ಒಂದೇ ಕಡೆಗೆ ಬರುತ್ತಿದ್ದೀರಿ: ಗೋಲು ಹೊಡೆಯುವವರಿಲ್ಲ. ವಿಶ್ವಕಪ್ ಅರ್ಹತೆಯ ಆರು ಪಂದ್ಯಗಳಲ್ಲಿ ಮೂರು ಗೋಲು, ಅದರಲ್ಲಿ ಒಂದು ಪೆನಾಲ್ಟಿ. ಈ ಗುಂಪಿನ ಐದು ಪಂದ್ಯಗಳಲ್ಲಿ ಎರಡು. ನಡುವೆ ಹಿಂದಿನ ಏಷ್ಯಾ ಕಪ್‌ನ ಮೂರು ಪಂದ್ಯಗಳಲ್ಲಿ ಒಂದೂ ಇಲ್ಲ. 2024ರ ಇಡೀ ವರ್ಷ ಆಡಿದ 11 ಪಂದ್ಯಗಳಲ್ಲಿ ಒಂದನ್ನೂ ಗೆಲ್ಲಲಿಲ್ಲ. ಸೋಲು ಆರು, ಡ್ರಾ ಐದು. ಆ ಡ್ರಾಗಳಲ್ಲಿ ಮಾರಿಷಸ್ ವಿರುದ್ಧದ 0–0 ಕೂಡ ಸೇರಿದೆ.

ನಮ್ಮ ಇಂಡಿಯನ್ ಸೂಪರ್ ಲೀಗ್‌ನಲ್ಲಿ (ಐಎಸ್‌ಎಲ್) ಏಕಕಾಲಕ್ಕೆ ನಾಲ್ವರು ವಿದೇಶಿಯರು ಮೈದಾನದಲ್ಲಿರಬಹುದು, ಮತ್ತು ಹಣ ಕೊಟ್ಟು ಕರೆತರುವ ವಿದೇಶಿಯನ್ನು ಕ್ಲಬ್ಬುಗಳು ಮೊದಲು ಇಳಿಸುವುದು ಎದುರಾಳಿಯ ಗೋಲಿನ ಮುಂದೆ. ಭಾರತೀಯ ಹುಡುಗ ಅಂಚಿಗೆ ಸರಿಯುತ್ತಾನೆ, ಇಲ್ಲವೇ ಹಿಂದಕ್ಕೆ. ಹೀಗಾಗಿಯೇ ನಮಗೆ ಛಾಂಗ್ಟೆ, ಲಿಸ್ಟನ್ ಕೊಲಾಸೊ ಅವರಂಥ ವಿಂಗರ್‌ಗಳಿದ್ದಾರೆ, ಅವರು ಕೊಟ್ಟ ಚೆಂಡನ್ನು ಬಲೆಗೆ ಸೇರಿಸುವ ನಿಜವಾದ ಒಂಬತ್ತನೇ ನಂಬರಿನವನಿಲ್ಲ. 2024–25ರ ಐಎಸ್‌ಎಲ್‌ನಲ್ಲಿ ಅತಿ ಹೆಚ್ಚು ಗೋಲು ಹೊಡೆದ ಭಾರತೀಯ ಯಾರು? 14 ಗೋಲುಗಳೊಂದಿಗೆ, ನಲವತ್ತು ತುಂಬಿದ ಸುನೀಲ್ ಛೆಟ್ರಿ. ಕೋಲ್ಕತ್ತದಲ್ಲಿ ಕಣ್ಣೀರಿನ ಬೀಳ್ಕೊಡುಗೆ ಪಡೆದು ಒಂಬತ್ತು ತಿಂಗಳಾಗಿದ್ದವರನ್ನು ಮಾರ್ಚ್‌ನಲ್ಲಿ ಮತ್ತೆ ಕರೆದು ತಂದರು. ಅದಕ್ಕಾಗಿ ಮಾರ್ಕೆಜ್ ಅವರನ್ನು ಬೈಯುವವರು, ಆ ಜಾಗಕ್ಕೆ ಬೇರೆ ಯಾರ ಹೆಸರನ್ನು ಬರೆಯುತ್ತಿದ್ದರೆಂದು ಹೇಳಿದ್ದನ್ನು ನಾನು ಕೇಳಿಲ್ಲ.

ಈಗ ಬೆಂಗಳೂರು ಎಫ್‌ಸಿಯ ರಯಾನ್ ವಿಲಿಯಮ್ಸ್ ಆಸ್ಟ್ರೇಲಿಯಾದ ಪೌರತ್ವ ಬಿಟ್ಟು ಭಾರತದ ಪಾಸ್‌ಪೋರ್ಟ್ ಪಡೆದಿದ್ದಾರೆ. ಬೆಂಗಳೂರು ಎಫ್‌ಸಿ ಅಭಿಮಾನಿಯಾಗಿ ಸಂತೋಷವೇ, ಆದರೆ ಕಾಗದಪತ್ರಗಳು ಪೂರ್ಣವಾಗದೆ ಢಾಕಾದಲ್ಲಿ ಅವರು ಆಡಲಾಗಲಿಲ್ಲ. ನಮ್ಮ ಕಾನೂನು ಇಬ್ಬಗೆಯ ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಹೀಗೆ ಬಿಟ್ಟುಬರುವವರು ವಿರಳ. ಇತ್ತ ಲೀಗ್‌ನ ಒಪ್ಪಂದದ ಗೊಂದಲದಿಂದ 2025–26ರ ಐಎಸ್‌ಎಲ್ ಢಾಕಾ ಪಂದ್ಯದ ಹೊತ್ತಿಗೂ ಶುರುವೇ ಆಗಿರಲಿಲ್ಲ. ಲೀಗ್ ಆಡದ ಕಾಲುಗಳಿಂದ ಢಾಕಾದಲ್ಲಿ ಗೋಲು ಬರಲಿಲ್ಲ ಎಂದು ನಾವು ಅಚ್ಚರಿಪಡುತ್ತಿದ್ದೇವೆ.

ಉತ್ತರ 6: ಧಾರವಾಡದ_ಅಭಿಮಾನಿನಿ

ತಾವೆಲ್ಲರೂ ‘ಭಾರತ ತಂಡ’ ಎಂದಾಗ ಒಂದೇ ತಂಡವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೀರಿ. 2025ರ ಜೂನ್–ಜುಲೈನಲ್ಲಿ ನಮ್ಮ ಮಹಿಳಾ ತಂಡಕ್ಕೂ ಹೆಚ್ಚುಕಡಿಮೆ ಇಂಥದೇ ಗುಂಪು ಸಿಕ್ಕಿತ್ತು, ಅಲ್ಲಿಯೂ ಪ್ರವೇಶ ಮೊದಲ ಸ್ಥಾನಕ್ಕೆ ಮಾತ್ರ. ಮಂಗೋಲಿಯಾವನ್ನು 13–0, ಟಿಮೋರ್-ಲೆಸ್ಟೆಯನ್ನು 4–0, ಇರಾಕನ್ನು 5–0ಯಿಂದ ಸೋಲಿಸಿ, ಕೊನೆಗೆ ಚಿಯಾಂಗ್ ಮಾಯ್‌ನಲ್ಲಿ, ಎರಡು ವಿಶ್ವಕಪ್ ಆಡಿರುವ ಥಾಯ್ಲೆಂಡನ್ನು ಅವರ ನೆಲದಲ್ಲೇ 2–1ರಿಂದ ಮಣಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು, ಅವರು ಮಿಡ್‌ಫೀಲ್ಡ್ ಆಟಗಾರ್ತಿ. ಅರ್ಹತಾ ಸುತ್ತಿನ ಮೂಲಕ ನಾವು ಮಹಿಳಾ ಏಷ್ಯಾ ಕಪ್ ತಲುಪಿದ್ದು ಅದೇ ಮೊದಲು.

ಪುರುಷರ ಮತ್ತು ಮಹಿಳೆಯರ ಫುಟ್‌ಬಾಲ್ ಬೇರೆ ಬೇರೆ, ಹೋಲಿಕೆ ಪೂರ್ತಿ ಒಪ್ಪುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ದುರ್ಬಲ ಎದುರಾಳಿಯ ಮೇಲೆ ಹದಿಮೂರನೆಯ ಗೋಲನ್ನೂ ಹುಡುಕಿಕೊಂಡು ಹೋದ ಹಸಿವು ಶಿಲ್ಲಾಂಗ್‌ನಲ್ಲಿ ನನಗೆ ಕಾಣಿಸಲಿಲ್ಲ.

ಪಶ್ಚಿಮ_ಗ್ಯಾಲರಿ ಅವರ ಮರುನುಡಿ

ಎಲ್ಲರಿಗೂ ಧನ್ಯವಾದಗಳು. ಗುವಾಹಟಿಯ ಲೆಕ್ಕವನ್ನು ಕಾಗದದ ಮೇಲೆ ಎರಡು ಸಲ ಮಾಡಿ ನೋಡಿದೆ, ಎಂಟೇ ಬರುತ್ತದೆ. ದೋಹಾದವರ ಮಾತನ್ನೂ ಒಪ್ಪುತ್ತೇನೆ. 2023ರ ಜುಲೈನಲ್ಲಿ ಕಂಠೀರವದಲ್ಲಿ ಕುವೈತ್ ವಿರುದ್ಧ ಪೆನಾಲ್ಟಿಗಳಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಕಪ್ ಗೆದ್ದು, ಅದೇ ತಿಂಗಳು ಶ್ರೇಯಾಂಕ 99ಕ್ಕೆ ಏರಿದಾಗ ನಾವು ತಂಡವನ್ನು ಅಳೆಯಲು ಆ ಸಂಖ್ಯೆಯನ್ನೇ ಕೋಲಾಗಿಸಿಕೊಂಡೆವು; ಆ ಕೂಟದ ಸೆಮಿಫೈನಲ್, ಫೈನಲ್ ಎರಡೂ ಪೆನಾಲ್ಟಿಗಳಲ್ಲಿ ಮುಗಿದದ್ದನ್ನು ಯಾರೂ ಓದಿಕೊಳ್ಳಲಿಲ್ಲ. 2025ರ ನವೆಂಬರಿನಲ್ಲಿ ಸಂಖ್ಯೆ 142ಕ್ಕೆ ಇಳಿಯಿತು, ಮುಂದಿನ ಡ್ರಾದಲ್ಲಿ ನಮ್ಮನ್ನು ನೋಡಿ ‘ಸುಲಭದ ಗುಂಪು’ ಎನ್ನುವವರು ಬೇರೆಯವರಿರುತ್ತಾರೆ.

2026ರ ಮಾರ್ಚ್‌ನಲ್ಲಿ ತವರಿನಲ್ಲಿ ಹಾಂಗ್‌ಕಾಂಗ್ ವಿರುದ್ಧದ ಕೊನೆಯ ಪಂದ್ಯ ಇನ್ನೂ ಬಾಕಿಯಿದೆ. ಅದರಿಂದ ಅರ್ಹತೆ ಸಿಗುವುದಿಲ್ಲ, ಸಿಂಗಪುರ ಈಗಾಗಲೇ ಹೋಗಿಯಾಗಿದೆ. ಆದರೂ ರಜೆಯ ಅರ್ಜಿ ಬರೆದಿಟ್ಟಿದ್ದೇನೆ. ಇಲ್ಲಿಂದ ಜೊತೆಗೆ ಯಾರಾದರೂ ಬರುವವರಿದ್ದರೆ ತಿಳಿಸಿ, ರೈಲಿನ ಟಿಕೆಟ್ ಒಟ್ಟಿಗೇ ಮಾಡಿಸೋಣ.